ಬದಲಾಗುವ ಅರಣ್ಯ ಮತ್ತು ಸಿಂಗಳೀಕದ ಆಹಾರ

ಅರಣ್ಯದ ಸ್ವರೂಪ ಬದಲಾದಾಗ ಅಲ್ಲಿನ ಪ್ರಾಣಿಗಳು ಮೊದಲು ಎದುರಿಸುವ ಸಮಸ್ಯೆ ಆಹಾರದ್ದು. ಹಳೆಯ ಆಹಾರ ದೊರೆಯದಿದ್ದಲ್ಲಿ ಹೊಸದನ್ನು ಕಂಡುಕೊಳ್ಳಬೇಕು. ಇಲ್ಲವೇ ಆ ಪ್ರದೇಶದಿಂದ ಕಣ್ಮರೆಯಾಗಬೇಕು. ಹೊಸ ಆಹಾರವನ್ನು ಕಂಡುಕೊಳ್ಳುವುದರಲ್ಲಿ ಕೋತಿಗಳು ನಿಪುಣವೆಂಬುದು ಎಲ್ಲರಿಗೂ ತಿಳಿದ ಸಂಗತಿ. ಆದರೆ ಈ ನೈಪುಣ್ಯಕ್ಕೆ ಮಿತಿಯೂ ಉಂಟು, ಅದಕ್ಕೆ ತೆರಬೇಕಾದ ಬೆಲೆಯೂ ಉಂಟು. ಪಶ್ಚಿಮ ಘಟ್ಟಗಳ ಸಿಂಗಳೀಕವು ಇದಕ್ಕೆ ಉತ್ತಮ ನಿದರ್ಶನವಾಗಿದೆ.

ದೇಹರಚನೆ ಮತ್ತು ಆಹಾರ

ಆಹಾರದ ದೃಷ್ಟಿಯಿಂದ ಭಾರತದ ಕೋತಿಗಳನ್ನು ಸ್ಥೂಲವಾಗಿ ಎರಡು ಗುಂಪುಗಳಾಗಿ ವಿಂಗಡಿಸಬಹುದು. ಉದ್ದ ಬಾಲದ, ಕಪ್ಪು ಮೋರೆಯ ಮುಸುವವು ಮೊದಲನೆಯ ಗುಂಪಿಗೆ ಸೇರುತ್ತದೆ. ಅದರ ಜಠರದಲ್ಲಿ ಹಲವು ಕೋಣೆಗಳಿದ್ದು, ಅಲ್ಲಿರುವ ಸೂಕ್ಷ್ಮಜೀವಿಗಳು ಎಲೆಯ ನಾರನ್ನು ಹುದುಗಿಸಿ ಜೀರ್ಣವಾಗುವಂತೆ ಮಾಡುತ್ತವೆ. ಹಣ್ಣುಗಳಿಲ್ಲದ ಕಾಲದಲ್ಲಿ ಮುಸುವವು ಎಲೆಗಳನ್ನೇ ತಿಂದು ಬದುಕಬಲ್ಲುದು.

ದಕ್ಷಿಣ ಭಾರತದ ಸಾಮಾನ್ಯ ಮಂಗ, ಉತ್ತರದ ರೀಸಸ್ ಕೋತಿ ಹಾಗೂ ಸಿಂಗಳೀಕ ಎರಡನೆಯ ಗುಂಪಿಗೆ ಸೇರಿದವು. ಇವುಗಳ ಜಠರವು ಸರಳವಾದುದು. ದೊರೆತ ಆಹಾರವನ್ನು ಅವಸರದಲ್ಲಿ ತುಂಬಿಕೊಂಡು ಅನಂತರ ನಿಧಾನವಾಗಿ ತಿನ್ನಲು ಕೆನ್ನೆಗಳ ಒಳಗೆ ಚೀಲಗಳಿರುತ್ತವೆ. ಹಣ್ಣು, ಬೀಜ, ಹೂವು, ಕೀಟಗಳು ಇವುಗಳ ಆಹಾರ. ಇವುಗಳಲ್ಲಿ ಮಂಗ ಮತ್ತು ರೀಸಸ್ ಕೋತಿಗಳು ಊರು, ದೇವಾಲಯ ಹಾಗೂ ರಸ್ತೆಬದಿಗಳಲ್ಲಿ ಬಹುಕಾಲದಿಂದ ಮನುಷ್ಯರ ನೆರೆಯಲ್ಲಿಯೇ ಬಾಳುತ್ತಿವೆ. ಸಿಂಗಳೀಕವಾದರೋ ಮಳೆಕಾಡಿನ ಎತ್ತರದ ಮರಗಳಿಗೆ ಒಗ್ಗಿದ ಪ್ರಾಣಿ.

ಮಳೆಕಾಡಿನ ಉಗ್ರಾಣ

ಕರ್ನಾಟಕ, ಕೇರಳ ಮತ್ತು ತಮಿಳುನಾಡಿನ ಪಶ್ಚಿಮ ಘಟ್ಟಗಳನ್ನು ಬಿಟ್ಟರೆ ಪ್ರಪಂಚದ ಬೇರಾವ ಕಾಡಿನಲ್ಲಿಯೂ ಸಿಂಗಳೀಕವಿಲ್ಲ. ಇವುಗಳ ಒಟ್ಟು ಸಂಖ್ಯೆ ಸುಮಾರು 4,000 ಎಂದು ಅಂದಾಜು ಮಾಡಲಾಗಿದೆ. ತಮಿಳುನಾಡಿನ ಆನಮಲೈ ಬೆಟ್ಟಗಳಲ್ಲಿ ಕುಲ್ಲೇನಿಯಾ ಎಂಬ ದೊಡ್ಡ ಮರವು ಇವುಗಳ ಮುಖ್ಯ ಆಧಾರ. ಬೇರೆ ಹಣ್ಣುಗಳು ವಿರಳವಾದ ಕಾಲದಲ್ಲಿ ಅದರ ಹೂವುಗಳನ್ನೂ, ಮುಂದೆ ಮುಳ್ಳುಕಾಯಿಯೊಳಗಿನ ಬೀಜಗಳನ್ನೂ ಸಿಂಗಳೀಕಗಳು ತಿನ್ನುತ್ತವೆ.

ಉತ್ತರ ಕನ್ನಡ ಜಿಲ್ಲೆಯ ಶಿರಸಿ–ಹೊನ್ನಾವರ ಕಾಡುಗಳಲ್ಲಿ ಕುಲ್ಲೇನಿಯಾ ಇಲ್ಲ. ಅಲ್ಲಿ ಸಿಂಗಳೀಕವು ಉಪ್ಪಗೆ ಮೊದಲಾದ ಇತರ ಮರಗಳ ಹಣ್ಣುಗಳನ್ನು ಅವಲಂಬಿಸಿದೆ. ಒಂದೇ ಜಾತಿಯ ಪ್ರಾಣಿಯು ಸ್ಥಳಕ್ಕೆ ತಕ್ಕಂತೆ ಬೇರೆ ಬೇರೆ ಆಹಾರವನ್ನು ರೂಢಿಸಿಕೊಳ್ಳುವುದನ್ನು ಇಲ್ಲಿ ಕಾಣಬಹುದು. ಆದರೆ ಉಪ್ಪಗೆಯ ಸಿಪ್ಪೆ ಮನುಷ್ಯರಿಗೂ ಆದಾಯದ ವಸ್ತು. ಹಣ್ಣು ಮಾಗುವ ಮುನ್ನವೇ ಕೊಯ್ದರೆ, ಕೊಂಬೆಗಳನ್ನು ಕಡಿದರೆ, ಕೋತಿಯ ಪಾಲು ಕುಗ್ಗುತ್ತದೆ. ಮುಂದಿನ ವರ್ಷಗಳ ಫಸಲೂ ಕುಗ್ಗುತ್ತದೆ.

ಒಡೆದ ಕಾಡಿನಲ್ಲಿ ಬದುಕು

ಆನಮಲೈ ಬೆಟ್ಟಗಳ ವಾಲ್ಪಾರೈ ಪ್ರಸ್ಥಭೂಮಿಯಲ್ಲಿ ಚಹಾ ಹಾಗೂ ಕಾಫಿ ತೋಟಗಳಿಗಾಗಿ ಕಾಡನ್ನು ತೆರವು ಮಾಡಿದ ಪರಿಣಾಮವಾಗಿ, ಮಳೆಕಾಡು ಚಿಕ್ಕ ಚಿಕ್ಕ ತುಂಡುಗಳಾಗಿ ಉಳಿದಿದೆ. ವಾಲ್ಪಾರೈ ಪಟ್ಟಣದ ಸಮೀಪವಿರುವ ಪುದುತೋಟ್ಟಮ್ ಅಂತಹ ಒಂದು ತುಂಡು. ಅದರ ವಿಸ್ತೀರ್ಣ ಸುಮಾರು 92 ಹೆಕ್ಟೇರ್ ಮಾತ್ರ. ಇಲ್ಲಿನ ಸಿಂಗಳೀಕಗಳು ಕಾಫಿಯ ಹಣ್ಣನ್ನೂ, ನೆರಳಿಗಾಗಿ ನೆಟ್ಟ ಆಫ್ರಿಕಾ ಮೂಲದ ಮರಗಳ ಹಣ್ಣನ್ನೂ, ಹಿತ್ತಲಿನ ಪೇರಳೆ ಹಲಸುಗಳನ್ನೂ ತಿನ್ನಲು ಕಲಿತಿವೆ. ಮರಗಳ ಮೇಲೆಯೇ ಸಂಚರಿಸುತ್ತಿದ್ದ ಪ್ರಾಣಿಯು ಈಗ ನೆಲಕ್ಕಿಳಿದು, ರಸ್ತೆ ದಾಟಿ, ಕಸದ ತೊಟ್ಟಿಯನ್ನು ಕೆದಕಿ, ಮನೆಯೊಳಗಿನ ತಿನಿಸುಗಳಿಗೂ ಕೈಹಾಕುತ್ತದೆ.

ಪುದುತೋಟ್ಟಮ್‌ನಲ್ಲಿ ಇವುಗಳ ಸಂಖ್ಯೆ ಹೆಚ್ಚಿರುವುದು ನಿಜ. ಆದರೆ ಸಂಖ್ಯೆ ಹೆಚ್ಚಿದೊಡನೆ ಜೀವಿಯು ಸುರಕ್ಷಿತವಾಯಿತೆಂದು ಭಾವಿಸುವಂತಿಲ್ಲ. ನೆಲಕ್ಕಿಳಿದ ಕೋತಿಗೆ ವಾಹನ, ನಾಯಿ ಮತ್ತು ವಿದ್ಯುತ್ ತಂತಿಗಳಿಂದ ಅಪಾಯವಿದೆ. ಮನುಷ್ಯರ ರೋಗಗಳು ಕೋತಿಗೂ, ಕೋತಿಯ ರೋಗಗಳು ಮನುಷ್ಯರಿಗೂ ತಗಲಬಹುದು. ಮನೆಯ ಹೆಂಚು ಸರಿಸಿ ಒಳನುಗ್ಗುವ ಪ್ರಾಣಿಯ ಮೇಲೆ ನಿವಾಸಿಗಳಿಗಿದ್ದ ಸಹನೆಯೂ ಕ್ಷೀಣಿಸುತ್ತದೆ. ಹೆಣ್ಣು ಸಿಂಗಳೀಕವು ಎರಡು ಹೆರಿಗೆಗಳ ನಡುವೆ ಸಾಮಾನ್ಯವಾಗಿ ಎರಡು ಮೂರು ವರ್ಷಗಳ ಅಂತರವಿಡುವುದರಿಂದ, ಸತ್ತ ಒಂದೊಂದು ಪ್ರಾಣಿಯ ನಷ್ಟವೂ ಬೇಗನೆ ತುಂಬಿಬರುವುದಿಲ್ಲ.

ಇದರ ಪರಿಣಾಮ ಕಾಡಿನ ಮೇಲೂ ಆಗುತ್ತದೆ. ಹಣ್ಣು ತಿನ್ನುವ ಕೋತಿಯು ಬೀಜವನ್ನು ತಾಯಿಮರದಿಂದ ದೂರ ಒಯ್ದು ಉಗುಳುತ್ತದೆ, ಇಲ್ಲವೇ ಹಿಕ್ಕೆಯೊಡನೆ ಬೀಳಿಸುತ್ತದೆ. ಅಲ್ಲಿ ಹೊಸ ಸಸಿ ಮೂಡುತ್ತದೆ. ಕಸದ ತೊಟ್ಟಿಯಲ್ಲಿ ಹೊಟ್ಟೆ ತುಂಬಿಸಿಕೊಳ್ಳುವ ಕೋತಿಯಿಂದ ಕಾಡಿಗೆ ಈ ಸೇವೆ ಅಷ್ಟರಮಟ್ಟಿಗೆ ತಪ್ಪುತ್ತದೆ.

ರಕ್ಷಣೆಯ ಮಾರ್ಗ

1972ರ ವನ್ಯಜೀವಿ ಸಂರಕ್ಷಣಾ ಅಧಿನಿಯಮದ ಮೊದಲನೆಯ ಅನುಸೂಚಿಯಲ್ಲಿ ಸಿಂಗಳೀಕಕ್ಕೆ ಸ್ಥಾನವಿದ್ದು, ಅದನ್ನು ಬೇಟೆಯಾಡುವುದು ಅಪರಾಧವಾಗಿದೆ. ಕರ್ನಾಟಕ ಸರ್ಕಾರವು 2011ರಲ್ಲಿ ಅಘನಾಶಿನಿ ಕಣಿವೆಯಲ್ಲಿ ಸಿಂಗಳೀಕ ಸಂರಕ್ಷಣಾ ಮೀಸಲು ಪ್ರದೇಶವನ್ನು ಘೋಷಿಸಿತು. 2019ರಲ್ಲಿ ಅದನ್ನೂ ಒಳಗೊಂಡು ಶರಾವತಿ ಕಣಿವೆಯ ವಿಸ್ತೃತ ಸಿಂಗಳೀಕ ಅಭಯಾರಣ್ಯವು ರೂಪುಗೊಂಡಿತು. ವಾಲ್ಪಾರೈಯಲ್ಲಿ ರಸ್ತೆಯ ಮೇಲೆ ಮರದಿಂದ ಮರಕ್ಕೆ ತೂಗುಸೇತುವೆಗಳನ್ನು ಕಟ್ಟಲಾಗಿದೆ. ಹಾಳಾದ ಕಾಡಿನ ತುಂಡುಗಳಲ್ಲಿ ಸ್ಥಳೀಯ ಜಾತಿಯ ಮರಗಳನ್ನು ಮತ್ತೆ ಬೆಳೆಸುವ ಕಾರ್ಯವೂ ನಡೆದಿದೆ.

ನಗರವಾಸಿಗಳಿಗೂ ಇದರಲ್ಲಿ ಪಾತ್ರವುಂಟು. ದೆಹಲಿಯ ರೀಸಸ್ ಕೋತಿಗಾಗಲಿ, ಚೆನ್ನೈನ ಮಂಗಕ್ಕಾಗಲಿ, ಘಟ್ಟದ ರಸ್ತೆಯಲ್ಲಿ ಎದುರಾಗುವ ಸಿಂಗಳೀಕಕ್ಕಾಗಲಿ ಬಾಳೆಹಣ್ಣು, ಬಿಸ್ಕತ್ತುಗಳನ್ನು ನೀಡುವುದು ಪುಣ್ಯಕಾರ್ಯವೆಂದು ಹಲವರು ನಂಬಿದ್ದಾರೆ. ವಾಸ್ತವವಾಗಿ ಇದರಿಂದ ಕೋತಿಯು ರಸ್ತೆಯನ್ನೇ ತನ್ನ ಆಹಾರದ ನೆಲೆಯೆಂದು ಕಲಿಯುತ್ತದೆ. ಆಹಾರ ನೀಡದವರ ಕೈಯಿಂದ ಕಸಿಯುವುದನ್ನೂ ಕಲಿಯುತ್ತದೆ. ತಾಯಿ ಕಲಿತುದನ್ನು ಮರಿಯು ನೋಡಿ ಅನುಸರಿಸುತ್ತದೆ. ಆದುದರಿಂದ ಕೋತಿಗಳಿಗೆ ತಿನಿಸು ನೀಡದಿರುವುದು, ಕಸದ ತೊಟ್ಟಿಗಳನ್ನು ಭದ್ರವಾಗಿ ಮುಚ್ಚಿಡುವುದು, ಅರಣ್ಯಮಾರ್ಗಗಳಲ್ಲಿ ವಾಹನವನ್ನು ನಿಧಾನವಾಗಿ ನಡೆಸುವುದು ಎಲ್ಲರ ಕರ್ತವ್ಯ. ಹೊಸ ಆಹಾರಕ್ಕೆ ಒಗ್ಗಿಕೊಳ್ಳುವ ಶಕ್ತಿಯನ್ನು ಪ್ರಕೃತಿಯು ಕೋತಿಗೆ ನೀಡಿದೆ. ಹಣ್ಣಿನ ಮರಗಳನ್ನು ಕಾಡಿನಲ್ಲಿ ಉಳಿಸಿಕೊಡುವ ಹೊಣೆ ಮಾತ್ರ ಮನುಷ್ಯನದು.