ಆಟಿಕೆ ಇಟ್ಟಿಗೆಯಲ್ಲಿ ಒಂದು ಕವಚ ವಾಹನ

ದ್ರವ್ಯರಾಶಿ ಕೇಂದ್ರ, ಟಾರ್ಕ್, ಒತ್ತಡ: ಪ್ರಥಮ ಪಿಯುಸಿಯ ಭೌತಶಾಸ್ತ್ರದಲ್ಲಿ ಇವನ್ನು ಬೇರೆ ಬೇರೆ ಕಡೆ ಓದುತ್ತೇವೆ. ಮೂರೂ ಒಂದೇ ಮೇಜಿನ ಮೇಲೆ ಸಿಗುವ ಕೆಲಸವೊಂದನ್ನು ಈ ರಜೆಯಲ್ಲಿ ನಾನು ಮಾಡಿದೆ. ನೆಲಬಾಂಬ್ ಹುದುಗಿರುವ ದಾರಿಯಲ್ಲಿ ಗಾಯಾಳುಗಳನ್ನು ಸಾಗಿಸಬಲ್ಲ, ಮುಂದಿನ ಕಾಲದ ಕವಚ ವಾಹನವೊಂದನ್ನು ಆಟಿಕೆ ಇಟ್ಟಿಗೆಗಳಲ್ಲಿ ಕಟ್ಟಿದೆ. ಅದರ ಹಿಂದಿನ ಲೆಕ್ಕವನ್ನು ನಿಮ್ಮ ಮುಂದಿಡುತ್ತಿದ್ದೇನೆ.

ಅಳತೆ

ಡೆನ್ಮಾರ್ಕಿನ ಲೆಗೊ ಕಂಪನಿ ಇಂದಿನ ಇಟ್ಟಿಗೆಯ ಪೇಟೆಂಟಿಗೆ ಅರ್ಜಿ ಹಾಕಿದ್ದು 1958ರ ಜನವರಿ 28ರಂದು. ಎರಡು ಗುಬುಟುಗಳ ನಡುವಿನ ಅಂತರ 8 ಮಿ.ಮೀ., ಇಟ್ಟಿಗೆಯ ಎತ್ತರ 9.6 ಮಿ.ಮೀ., ತೆಳು ಹಲಗೆಯ ದಪ್ಪ 3.2 ಮಿ.ಮೀ. ಅಂದರೆ ಮೂರು ಹಲಗೆ ಸೇರಿದರೆ ಒಂದು ಇಟ್ಟಿಗೆ. ಐದು ಹಲಗೆ ಸೇರಿದರೆ 16 ಮಿ.ಮೀ., ಸರಿಯಾಗಿ ಎರಡು ಗುಬುಟುಗಳ ಅಗಲ. ಹೀಗಾಗಿ ಹಲಗೆಗಳನ್ನು ಮಗ್ಗುಲಿಗೆ ತಿರುಗಿಸಿ ಜೋಡಿಸಿದರೂ ಅಳತೆ ತಪ್ಪುವುದಿಲ್ಲ. ಪಕ್ಕದ ಕವಚಗಳನ್ನು ನಾನು ಹೀಗೆಯೇ ಕೂರಿಸಿದೆ.

ಆಟಿಕೆಯ ಪುಟ್ಟ ಮನುಷ್ಯನ ಎತ್ತರ ಸುಮಾರು 4 ಸೆಂ.ಮೀ. ನಿಜವಾದ ಮನುಷ್ಯ 170 ಸೆಂ.ಮೀ. ಎಂದುಕೊಂಡರೆ ಪ್ರಮಾಣ ಸುಮಾರು 1:42. ಆರು ಮೀಟರ್ ಉದ್ದ, ಸುಮಾರು 2.7 ಮೀಟರ್ ಅಗಲದ ವಾಹನ ಮಾದರಿಯಲ್ಲಿ 18 ಗುಬುಟು ಉದ್ದ, 8 ಗುಬುಟು ಅಗಲ ಆಗುತ್ತದೆ. ತಳವನ್ನು ಜೋಡಿಸುವಾಗ ಗಾರೆ ಮೇಸ್ತ್ರಿಯ ನಿಯಮವನ್ನೇ ಪಾಲಿಸಬೇಕು: ಒಂದು ಸಾಲಿನ ಸಂದಿನ ಮೇಲೆ ಮುಂದಿನ ಸಾಲಿನ ಸಂದು ಬರಬಾರದು.

ಓರೆ ಕವಚದ ಲೆಕ್ಕ

ಕವಚವನ್ನು ಓರೆಯಾಗಿಟ್ಟರೆ ನೇರ ಬರುವ ಗುಂಡು ಹೆಚ್ಚು ದಪ್ಪವನ್ನು ದಾಟಬೇಕು. ದಪ್ಪ t ಇರುವ ತಗಡು ಲಂಬದಿಂದ θ ಕೋನ ವಾಲಿದ್ದರೆ ಗುಂಡಿಗೆ ಎದುರಾಗುವ ದಪ್ಪ t/cos θ. 60 ಡಿಗ್ರಿಗೆ ಅದು ಎರಡು ಪಟ್ಟು. ಪುಕ್ಕಟೆ ಲಾಭ ಎನಿಸುತ್ತದೆ, ಅಲ್ಲವೇ? ಆದರೆ ಅಷ್ಟೇ ಎತ್ತರವನ್ನು ಮುಚ್ಚಲು ಓರೆ ತಗಡಿನ ಉದ್ದವೂ ಎರಡು ಪಟ್ಟು ಬೇಕು. ತೂಕದಲ್ಲಿ ಉಳಿತಾಯ ಸೊನ್ನೆ, ಒಳಗಿನ ಜಾಗವೂ ಕಡಿಮೆ. ನಿಜವಾದ ಲಾಭವೆಂದರೆ ಗುಂಡು ಜಾರಿ ಪಕ್ಕಕ್ಕೆ ಹೋಗುವ ಸಾಧ್ಯತೆ. ಗಾಯಾಳುಗಳು ಮಲಗಲು ಜಾಗ ಬೇಕಾದ್ದರಿಂದ ಮುಂಭಾಗವನ್ನು ಮಾತ್ರ ಹೆಚ್ಚು ಓರೆ ಮಾಡಿ, ಪಕ್ಕಗಳನ್ನು ಬಹುತೇಕ ನೇರ ಇಟ್ಟೆ.

ಹೊಟ್ಟೆ ಮತ್ತು ಸಮತೋಲ

ನೆಲಬಾಂಬಿನ ಸ್ಫೋಟವನ್ನು ಎರಡೂ ಪಕ್ಕಕ್ಕೆ ಸರಿಸಲು ವಾಹನದ ತಳ ಇಂಗ್ಲಿಷಿನ ‘ವಿ’ ಅಕ್ಷರದ ಆಕಾರದಲ್ಲಿರಬೇಕು. ತಲೆಕೆಳಗಾದ ಇಳಿಜಾರು ಇಟ್ಟಿಗೆಗಳಿಂದ ಇದು ಸುಲಭ. ಆದರೆ ಈ ಆಕಾರ ವಾಹನವನ್ನು ಎತ್ತರಿಸುತ್ತದೆ, ದ್ರವ್ಯರಾಶಿ ಕೇಂದ್ರವೂ ಮೇಲೇರುತ್ತದೆ. ಚಕ್ರಗಳ ಹೊರ ಅಂತರ 64 ಮಿ.ಮೀ., ಕೇಂದ್ರದ ಎತ್ತರ 48 ಮಿ.ಮೀ. ಇದ್ದರೆ tan θ = 32/48; ಸುಮಾರು 34 ಡಿಗ್ರಿ ಓರೆಯಲ್ಲಿ ವಾಹನ ಮಗುಚುತ್ತದೆ. ಭಾರದ ಭಾಗಗಳನ್ನು ಕೆಳಗಿಳಿಸಿ ಕೇಂದ್ರವನ್ನು 32 ಮಿ.ಮೀ.ಗೆ ತಂದರೆ 45 ಡಿಗ್ರಿವರೆಗೆ ತಾಳುತ್ತದೆ. ಸ್ಫೋಟದಿಂದ ಕಾಪಾಡುವ ಎತ್ತರವೇ ತಿರುವಿನಲ್ಲಿ ಉರುಳಿಸಬಹುದು. ಎಂಜಿನಿಯರನ ಕೆಲಸ ಇವೆರಡರ ನಡುವೆ ಇದೆ.

ಚಕ್ರ ಎಂಟೇಕೆ?

ಇದೇ ಮಾದರಿಯನ್ನು ಅದೇ ವಸ್ತುವಿನಲ್ಲಿ 42 ಪಟ್ಟು ಹಿಗ್ಗಿಸಿದರೆ ತೂಕ 42ರ ಘನದಷ್ಟು ಏರುತ್ತದೆ. ಚಕ್ರ ನೆಲವನ್ನು ಮುಟ್ಟುವ ವಿಸ್ತೀರ್ಣ 42ರ ವರ್ಗದಷ್ಟು ಮಾತ್ರ. ಆದ್ದರಿಂದ ನೆಲದ ಮೇಲಿನ ಒತ್ತಡ 42 ಪಟ್ಟು. ಮೇಜಿನ ಮೇಲೆ ಸಲೀಸಾಗಿ ಓಡುವುದು ಕೆಸರಿನಲ್ಲಿ ಹೂತುಹೋಗುವುದು ಇದಕ್ಕೇ. ಭಾರವನ್ನು ಹಂಚಲು ಎಂಟು ಚಕ್ರ ಹಾಕಿದೆ. 8 ಹಲ್ಲಿನ ಗಿಯರ್ 24 ಹಲ್ಲಿನದನ್ನು ತಿರುಗಿಸುವಂತೆ ಜೋಡಿಸಿದೆ. ವೇಗ ಮೂರನೇ ಒಂದು ಭಾಗಕ್ಕಿಳಿಯುತ್ತದೆ, ಘರ್ಷಣೆ ಬಿಟ್ಟರೆ ಟಾರ್ಕ್ ಮೂರು ಪಟ್ಟಾಗುತ್ತದೆ. ಮುಂದಿನ ಕಾಲದ ವಾಹನಕ್ಕೆ ಪ್ರತಿ ಚಕ್ರದಲ್ಲೂ ವಿದ್ಯುತ್ ಮೋಟಾರ್ ಇರಲಿ ಎಂಬುದು ನನ್ನ ಕಲ್ಪನೆ. ಆಗ ಹೊಟ್ಟೆಯ ಕೆಳಗೆ ಉದ್ದನೆಯ ದಂಡ ಬೇಕಿಲ್ಲ.

ಕವಚ ಯಾರಿಗೆ?

“ಭಾಯಿ, ಇದಕ್ಕೆ ಫಿರಂಗಿ ಎಲ್ಲಿ?” ಎಂದು ತಮ್ಮ ಕೇಳಿದ. ಇಲ್ಲ ಎಂದೆ. ದಕ್ಷಿಣ ಆಫ್ರಿಕಾದಲ್ಲಿ 1970ರ ದಶಕದ ಕೊನೆಯಲ್ಲಿ ತಯಾರಾದ ಕ್ಯಾಸ್ಪಿರ್ ವಾಹನಕ್ಕೂ ಇಂಥದ್ದೇ ಹೊಟ್ಟೆ. ವರ್ಣಭೇದ ಸರ್ಕಾರದ ಪೊಲೀಸರು ಕರಿಯರ ಬಡಾವಣೆಗಳಿಗೆ ನುಗ್ಗಿದ್ದು ಅದರಲ್ಲೇ. ಮುಂದೆ ನೆಲಬಾಂಬ್ ತೆಗೆಯುವ ಕೆಲಸಕ್ಕೂ ಅದೇ ವಾಹನ ಬಳಕೆಯಾಯಿತು. cos θ ಎರಡು ಕಡೆಯೂ ಒಂದೇ. ಒಳಗೆ ಯಾರು ಕೂರುತ್ತಾರೆ, ಯಾವ ದಾರಿಗೆ ಹೋಗುತ್ತಾರೆ ಎಂಬುದನ್ನು ಸೂತ್ರ ಹೇಳುವುದಿಲ್ಲ. ಅದನ್ನು ಕಟ್ಟುವವರು, ಓಡಿಸುವವರು ತೀರ್ಮಾನಿಸಬೇಕು.

ಗೆಳೆಯರೇ, ಇಟ್ಟಿಗೆ ಸಿಗದಿದ್ದರೆ ರಟ್ಟು, ಬಾಟಲಿಯ ಮುಚ್ಚಳ ಸಾಕು. ಮಾದರಿಯನ್ನು ಎರಡು ಬೇರೆ ಬೇರೆ ಬಿಂದುಗಳಿಂದ ದಾರದಲ್ಲಿ ತೂಗುಬಿಡಿ. ದಾರದ ಗೆರೆಗಳು ಸೇರುವಲ್ಲಿ ದ್ರವ್ಯರಾಶಿ ಕೇಂದ್ರವಿದೆ. ಅದರ ಎತ್ತರ ಅಳೆದು ಮಗುಚುವ ಕೋನವನ್ನು ಲೆಕ್ಕಹಾಕಿ. ಬಳಿಕ ಹಲಗೆಯನ್ನು ಓರೆ ಮಾಡುತ್ತ ಕೋನಮಾಪಕದಲ್ಲಿ ನೋಡಿ. ನಿಮ್ಮ ಲೆಕ್ಕಕ್ಕೂ ಹಲಗೆಯ ಉತ್ತರಕ್ಕೂ ಎಷ್ಟು ಅಂತರ ಬಂತೆಂದು ತರಗತಿಯಲ್ಲಿ ಹೇಳಿ.