ಹಾರುವವರೇ, ದನಿಯನ್ನೂ ಕಾಪಾಡಿಕೊಳ್ಳಿರಿ

ಕ್ಯಾಲಿಫೋರ್ನಿಯದ ಸ್ಯಾನ್ ಡಿಯಾಗೊ ನಗರದ ಟೋರಿ ಪೈನ್ಸ್ ಎಂಬಲ್ಲಿ, ಶಾಂತಸಾಗರದಿಂದ ಬೀಸಿಬರುವ ಪಡುವಣ ಗಾಳಿಯು ಸುಮಾರು 100 ಮೀಟರ್ ಎತ್ತರದ ಮರಳುಗಲ್ಲಿನ ಬಂಡೆಗೋಡೆಗೆ ತಾಗಿ ಊರ್ಧ್ವಮುಖವಾಗಿ ಏರುವುದರಿಂದ, ಪ್ಯಾರಾಗ್ಲೈಡರಿನ ಸವಾರನು ಎಂಜಿನ್ನಿನ ಹಂಗಿಲ್ಲದೆ ತೀರದುದ್ದಕ್ಕೂ ಬಹುಹೊತ್ತು ವಿಹರಿಸಬಲ್ಲನು. ಅಂತಹ ವಿಹಾರವನ್ನು ಚಿತ್ರೀಕರಿಸಿ ತರುವ ಮಿತ್ರರು ದೃಶ್ಯಕ್ಕೆ ತೋರುವ ಆಸ್ಥೆಯಲ್ಲಿ ಕಾಲುಪಾಲನ್ನಾದರೂ ಶಬ್ದಕ್ಕೆ ತೋರುವುದಿಲ್ಲವೆಂಬುದೇ ನನ್ನ ತಕರಾರು.

ಗ್ಲೈಡರು ಗಂಟೆಗೆ 35 ಕಿಲೋಮೀಟರಿನ ಆಸುಪಾಸಿನ ವೇಗದಿಂದ ಗಾಳಿಯನ್ನು ಸದಾ ಸೀಳಿಕೊಂಡೇ ಸಾಗುವುದರಿಂದ, ಕ್ಯಾಮೆರಾದ ಒಡಲಿನ ಮೈಕು ಭೋರೆಂಬ ಸದ್ದಿನ ವಿನಾ ಬೇರೇನನ್ನೂ ಸರಿಯಾಗಿ ಗ್ರಹಿಸಲಾರದು. ಆದುದರಿಂದ ಕಾಲರಿಗೆ ಸಿಕ್ಕಿಸುವಂತಹ ಪುಟ್ಟ ಮೈಕೊಂದಕ್ಕೆ ಸ್ಪಂಜಿನ ಟೋಪಿಯನ್ನೂ ಅದರ ಮೇಲೊಂದು ತುಪ್ಪಳದ ಹೊದಿಕೆಯನ್ನೂ ತೊಡಿಸಿ, ಹೆಲ್ಮೆಟ್ಟಿನ ಒಳಮಗ್ಗುಲಲ್ಲಿ ಕೆನ್ನೆಯ ಬಳಿ ಅಂಟಿಸಿ, ತಂತಿಯನ್ನು ಜಾಕೆಟ್ಟಿನೊಳಗಿಂದಲೇ ಇಳಿಸಿ ಜೇಬಿನ ರೆಕಾರ್ಡರಿಗೆ ಸೇರಿಸುವುದು ಲೇಸು. ಹೊರಗೆ ಜೋತಾಡಿದ ತಂತಿಯು ಗ್ಲೈಡರಿನ ಹುರಿಗಳಿಗೆ ತೊಡರೀತು. ಧ್ವನಿಗ್ರಹಣದ ಮಟ್ಟವನ್ನು ಕೊಂಚ ತಗ್ಗಿಸಿಯೇ ಇಡಿರಿ: ಕ್ಷೀಣವಾದ ದನಿಯನ್ನು ತರುವಾಯ ಹಿಗ್ಗಿಸಬಹುದು, ಒಡೆದ ದನಿಯನ್ನು ಸರಿಪಡಿಸುವುದು ದುಸ್ಸಾಧ್ಯ. ನೆಲದ ಮೇಲಿರುವಾಗಲೇ ಕ್ಯಾಮೆರಾದ ಮುಂದೊಮ್ಮೆ ಚಪ್ಪಾಳೆ ತಟ್ಟಿದರೆ, ಸಂಕಲನಕಾಲದಲ್ಲಿ ಚಿತ್ರವನ್ನೂ ಸದ್ದನ್ನೂ ತಾಳೆಹಾಕಲು ಅದೇ ಗುರುತು. ಮೇಲೇರುವಾಗ ವೇರಿಯೋಮೀಟರು, ಅಂದರೆ ಏರಿಳಿತವನ್ನು ಸೂಚಿಸುವ ಉಪಕರಣವು, ಪೀಪೀ ಎನ್ನುವುದನ್ನು ಅಳಿಸಬೇಡಿರಿ. ಗಾಳಿ ಎಲ್ಲಿ ಎತ್ತಿತೆಂಬುದನ್ನು ನೋಡುವವನಿಗೆ ಅದು ತಿಳಿಸುತ್ತದೆ. (ಅದರ ಮೇಲೆ ಸಿನಿಮಾ ಸಂಗೀತವನ್ನು ತುರುಕುವ ಚಟ ನನಗೆಂದೂ ಹಿಡಿಸಿದ್ದಿಲ್ಲ.)

ಇಷ್ಟಾಗಿಯೂ, ಬಂಡೆಯಂಚಿನ ಹಿಂಬದಿಯಲ್ಲಿ ಗಾಳಿಯು ಸುಳಿಗಟ್ಟಿ ರೆಕ್ಕೆಯನ್ನು ಮಡಚಿಬಿಡುವ ಸಂಭವವಿರುವುದರಿಂದ, ಮೇಲ್ಗಡೆಯೇ ಇಳಿಯುವವರು ಆ ಹೊತ್ತಿನಲ್ಲಿ ಕ್ಯಾಮೆರಾದ ಗುಂಡಿಗಳನ್ನು ತಡಕದೆ, ಎರಡೂ ಕೈಗಳನ್ನು ಬ್ರೇಕಿನ ಹಿಡಿಗಳಲ್ಲಿಯೇ ಇಟ್ಟಿರತಕ್ಕದ್ದು.