ಕರುಳಿನ ನುಣುಪು ಸ್ನಾಯು: ಸಂಕೇತದ ಹಾದಿ

ಚಿತ್ರದುರ್ಗ, ಹಿರಿಯೂರು, ಹೊಸದುರ್ಗ, ಹೊಳಲ್ಕೆರೆ ಕಡೆಯ ಬಯಲಲ್ಲಿ ಉಮ್ಮತ್ತಿ ಅಪರೂಪವಲ್ಲ. ವಿಷದ ಗಿಡ. ಅದರ ಅಟ್ರೋಪಿನ್, ಹಯೋಸಿನ್ ಕರುಳಿನ ಎಂ3 ಗ್ರಾಹಕವನ್ನು ತಡೆಯುತ್ತವೆ; ಕರುಳಿನ ಚಲನೆ ಕುಗ್ಗುತ್ತದೆ.

ಸಂಕೋಚನ ಹೇಗೆ? ಅಸಿಟೈಲ್‌ಕೋಲಿನ್ ಎಂ3ಗೆ ಅಂಟಿದೊಡನೆ ಜಿಕ್ಯೂ ಪ್ರೋಟೀನ್, ಫಾಸ್ಫೊಲೈಪೇಸ್ ಸಿ, ಐಪಿ3, ಕೊನೆಗೆ ಕೋಶದೊಳಗೆ ಕ್ಯಾಲ್ಸಿಯಂ ಬಿಡುಗಡೆ. ಕ್ಯಾಲ್ಸಿಯಂ–ಕ್ಯಾಲ್ಮೊಡ್ಯುಲಿನ್ ಜೋಡಿ ಮಯೋಸಿನ್ ಲಘು ಸರಪಳಿ ಕೈನೇಸನ್ನು ಚುರುಕುಗೊಳಿಸುತ್ತದೆ. ಇಲ್ಲಿ ಟ್ರೋಪೋನಿನ್ ಇಲ್ಲ. ಪರೀಕ್ಷೆಯಲ್ಲಿ ಅಭ್ಯರ್ಥಿಗಳು ಜಾರುವುದು ಇಲ್ಲೇ. ಕ್ಯಾಲ್ಸಿಯಂ ಇಳಿದ ಮೇಲೂ ಬಿಗಿತ ಉಳಿಯುವುದೇಕೆ? ರೋ ಕೈನೇಸ್ ಮಯೋಸಿನ್ ಫಾಸ್ಫಟೇಸನ್ನು ತಡೆದಿರುತ್ತದೆ.

ವರ್ಜೀನಿಯಾ ಕಾಮನ್‌ವೆಲ್ತ್ ವಿಶ್ವವಿದ್ಯಾಲಯದ ಕರ್ಣಂ ಎಸ್. ಮೂರ್ತಿ ಅವರ 2006ರ ವಿಮರ್ಶಾ ಲೇಖನ ಈ ಹಾದಿಗಳನ್ನು ಒಟ್ಟಿಗೆ ವಿವರಿಸುತ್ತದೆ. ಕರುಳಿನ ಸ್ನಾಯುವಿನ ವೃತ್ತ ಪದರ ಐಪಿ3ಯನ್ನು ನೆಚ್ಚಿದೆ. ಉದ್ದ ಪದರದ ರೀತಿಯೇ ಬೇರೆ: ಅರಾಕಿಡೋನಿಕ್ ಆಮ್ಲ ಕ್ಲೋರೈಡ್ ನಾಳ ತೆರೆಸಿ, ಆ ಮೂಲಕ ಹೊರಗಿನ ಕ್ಯಾಲ್ಸಿಯಂ ಒಳಬರುವಂತೆ ಮಾಡುತ್ತದೆ.

ಸಡಿಲಿಕೆ: ನೈಟ್ರಿಕ್ ಆಕ್ಸೈಡ್, ಸಿಜಿಎಂಪಿ, ಪ್ರೋಟೀನ್ ಕೈನೇಸ್ ಜಿ.

ಲಯ ಕೊಡುವವು ಕಾಹಾಲ್ ಕೋಶಗಳು: ಜಠರದಲ್ಲಿ ನಿಮಿಷಕ್ಕೆ ಸುಮಾರು 3, ಡ್ಯುಯೊಡಿನಮ್‌ನಲ್ಲಿ ಸುಮಾರು 12 ನಿಧಾನ ಅಲೆ.